ನಾಲ್ಕರಿಂದ ಆರಂಭವಾಗುವ ಸಂಖ್ಯೆ

ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲು ಕರ್ನಾಟಕದಲ್ಲಿಯೇ ಹೊರಟು ಕರ್ನಾಟಕದಲ್ಲಿಯೇ ನಿಲ್ಲುತ್ತದೆ. ನಡುವೆ ಒಂದು ಮೈಲಿಯಷ್ಟೂ ತಮಿಳುನಾಡಿನ ನೆಲವನ್ನು ಅದು ಮುಟ್ಟುವುದಿಲ್ಲ. ಆದರೂ ಆ ರೈಲಿನ ಟಿಕೆಟಿನ ಮೇಲಿರುವ ಹತ್ತು ಅಂಕಿಗಳ ಪಿಎನ್‌ಆರ್ ಸಂಖ್ಯೆಯನ್ನು ನೋಡಿದರೆ ಅದು ಸಾಮಾನ್ಯವಾಗಿ 4 ಅಥವಾ 5ರಿಂದ ಆರಂಭವಾಗಿರುತ್ತದೆ. ಆ ಮೊದಲ ಅಂಕಿ ಊರಿನ ಗುರುತು. 1 ಎಂದರೆ ಸಿಕಂದರಾಬಾದ್, 2 ಮತ್ತು 3 ದೆಹಲಿ, 6 ಮತ್ತು 7 ಕೋಲ್ಕತ್ತ, 8 ಮತ್ತು 9 ಮುಂಬಯಿ. 4 ಮತ್ತು 5 ಚೆನ್ನೈಗೆ ಸೇರಿದವು. ಅಂದರೆ ಸಾಗರದ ಕಡೆಗೆ ಹೋಗುವವರ ಬರ್ತಿನ ಲೆಕ್ಕ ಇರುವುದು ಬಂಗಾಳ ಕೊಲ್ಲಿಯ ದಡದಲ್ಲಿ.

ಇದು ಹೇಗಾಯಿತೆಂದು ತಿಳಿಯಲು 1951ರ ಏಪ್ರಿಲ್ 14ಕ್ಕೆ ಹೋಗಬೇಕು. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ, ಮೈಸೂರು ಸಂಸ್ಥಾನದ ರೈಲ್ವೆ, ಈ ಮೂರೂ ಅಂದು ಒಂದಾಗಿ ದಕ್ಷಿಣ ರೈಲ್ವೆ ಎಂಬ ವಲಯ ಹುಟ್ಟಿತು. ಅದರ ಕೇಂದ್ರ ಕಚೇರಿ ಮದರಾಸಿನಲ್ಲಿ ನೆಲೆಗೊಂಡಿತು. ಮೈಸೂರಿನ ಅರಸರ ಕಾಲದ ಹಳಿಗಳು ಹೀಗೆ ಮದರಾಸಿನ ಆಡಳಿತಕ್ಕೆ ಸೇರಿದವು. ಐವತ್ತೆರಡು ವರ್ಷಗಳ ಬಳಿಕ, 2003ರ ಏಪ್ರಿಲ್ 1ರಂದು, ಹುಬ್ಬಳ್ಳಿಯನ್ನು ಕೇಂದ್ರವಾಗಿಸಿ ನೈಋತ್ಯ ರೈಲ್ವೆ ಆರಂಭವಾದಾಗ ಬೆಂಗಳೂರು ಮತ್ತು ಮೈಸೂರು ವಿಭಾಗಗಳು ಮದರಾಸನ್ನು ಬಿಟ್ಟು ಬಂದವು. ಕಡತಗಳು ಬಂದವು, ಅಧಿಕಾರಿಗಳು ಬಂದರು, ನಾಮಫಲಕಗಳು ಬದಲಾದವು. ಬರ್ತುಗಳ ಲೆಕ್ಕವಿದ್ದ ಗಣಕದ ಮನೆ ಮಾತ್ರ ಚೆನ್ನೈಯಲ್ಲಿಯೇ ಉಳಿಯಿತು. ಕಚೇರಿಯನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವುದಕ್ಕಿಂತ, ಕ್ಷಣಕ್ಷಣವೂ ಬದಲಾಗುತ್ತಿರುವ ಲೆಕ್ಕವನ್ನು ಸಾಗಿಸುವುದು ಕಷ್ಟ. ರಾಜ್ಯ ವಿಂಗಡಣೆಯ ಚರಿತ್ರೆಯನ್ನು ಬರೆಯುವವರು ಗಡಿ, ನದಿ, ಭಾಷೆಗಳ ಬಗ್ಗೆ ಬರೆಯುತ್ತಾರೆ. ಸರ್ವರಿನ ಕೋಣೆಯೂ ಒಂದು ಬಗೆಯ ಗಡಿಯನ್ನು ಎಳೆಯುತ್ತದೆಂಬುದು ನಮ್ಮ ಗಮನಕ್ಕೆ ಬಂದದ್ದು ಈ ನಾಲ್ಕರ ಅಂಕಿಯಿಂದ.

ಈ ಬರಹದ ವಿಷಯ ಆ ಕೋಣೆಯ ಚರಿತ್ರೆ. ಹೆಚ್ಚುತ್ತ ಹೋಗುವ ದತ್ತಾಂಶಕ್ಕೆ ಎಷ್ಟು ದೊಡ್ಡ ಮನೆ ಕಟ್ಟಬೇಕು, ಒಮ್ಮೆಗೇ ಎಷ್ಟು ಜನ ಬಾಗಿಲು ತಟ್ಟಿದರೆ ಅದು ತಾಳಬೇಕು ಎಂಬ ಅಂದಾಜು ಈ ದೇಶದಲ್ಲಿ ಸಾಮಾನ್ಯ ಜನರ ಬದುಕನ್ನು ನೇರವಾಗಿ ತಟ್ಟಿದ್ದು ಬೇರೆಲ್ಲಕ್ಕಿಂತ ಹೆಚ್ಚಾಗಿ ರೈಲಿನ ಟಿಕೆಟಿನಲ್ಲಿ.

ಗಣಕ ಬರುವ ಮೊದಲು ಲೆಕ್ಕವಿದ್ದುದು ಲೆಡ್ಜರಿನಲ್ಲಿ. ಒಂದು ರೈಲಿಗೆ, ಒಂದು ದಿನಾಂಕಕ್ಕೆ, ಒಂದು ದರ್ಜೆಗೆ ಇಷ್ಟು ಹಾಳೆ ಎಂದು ಗೀಟು ಹಾಕಿದ ದಪ್ಪ ಪುಸ್ತಕಗಳು. ಯಾವ ರೈಲಿನ ಲೆಡ್ಜರ್ ಯಾವ ಕಿಂಡಿಯಲ್ಲಿದೆಯೋ ಆ ಕಿಂಡಿಯ ಮುಂದೆಯೇ ನಿಲ್ಲಬೇಕು. ಎರಡು ಗಂಟೆ ನಿಂತು ಕಿಂಡಿಗೆ ತಲುಪಿದಾಗ ಆ ರೈಲು ತುಂಬಿದೆಯೆಂದು ತಿಳಿದರೆ, ಇನ್ನೊಂದು ರೈಲಿಗಾಗಿ ಇನ್ನೊಂದು ಸಾಲಿನ ಬಾಲಕ್ಕೆ ಹೋಗಿ ಸೇರಬೇಕು. ಹಿಂತಿರುಗುವ ಪ್ರಯಾಣದ ಜಾಗಕ್ಕೆ ತಂತಿ ಕಳುಹಿಸಿ ಉತ್ತರ ಕಾಯಬೇಕು. ಉತ್ತರ ಬಾರದೆ ಹೊರಟವರೂ ಇದ್ದರು, ಬಂದರೂ ತಡವಾಗಿ ಕೈ ಸೇರಿದವರೂ ಇದ್ದರು.

ಮದರಾಸಿನ ಕನ್ನಡಿಗರಿಗೆ ಈ ಸಾಲು ಚಿರಪರಿಚಿತ. ವುಡ್‌ಲ್ಯಾಂಡ್ಸ್, ದಾಸಪ್ರಕಾಶ ಮೊದಲಾದ ಹೋಟೆಲುಗಳ ಅಡಿಗೆಮನೆಗಳಲ್ಲಿ ದುಡಿಯಲು ಉಡುಪಿಯ ಸುತ್ತಲಿನ ಹಳ್ಳಿಗಳಿಂದ ಬಂದ ಹುಡುಗರು ವರ್ಷಕ್ಕೊಮ್ಮೆ ಊರಿಗೆ ಹೊರಡುತ್ತಿದ್ದುದು ಮಂಗಳೂರು ಮೈಲಿನಲ್ಲಿ. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿಗೇ ಸೇರಿತ್ತು. ಮಂಗಳೂರಿಗೆ ರೈಲು ತಲುಪಿದ್ದು 1907ರಲ್ಲಿ. ಜೋಲಾರಪೇಟೆ, ಪಾಲಕ್ಕಾಡು, ಶೋರನೂರು ದಾಟಿ ಕಣ್ಣೂರು ಕಾಸರಗೋಡುಗಳ ಮೂಲಕ ಸುತ್ತಿ ಬರುವ ಆ ದಾರಿಯಲ್ಲಿ ಮಲಗಲು ಒಂದು ಹಲಗೆ ಸಿಗುವುದೇ ಭಾಗ್ಯ. ಶಾಲೆಗಳಿಗೆ ಬೇಸಿಗೆ ರಜೆ ಆರಂಭವಾದಾಗ, ನವರಾತ್ರಿಯಲ್ಲಿ, ಮದುವೆಯ ತಿಂಗಳುಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಿದ್ದರು. ಉಳಿದ ದಿನಗಳಲ್ಲಿ ಅದೇ ಹಲಗೆಗಳು ಖಾಲಿ ಹೋಗುವುದೂ ಇತ್ತು. ಸರ್ವರಿನ ಸಾಮರ್ಥ್ಯವನ್ನು ಅಂದಾಜು ಮಾಡುವವರು ಇಂದು ಸರಾಸರಿ ಎಂದೂ ಗರಿಷ್ಠ ಎಂದೂ ಬೇರ್ಪಡಿಸಿ ಹೇಳುವುದು ಇದನ್ನೇ. ವರ್ಷದ ಸರಾಸರಿಗೆ ಕಟ್ಟಿದ ಮನೆ ಹಬ್ಬದ ದಿನ ಕುಸಿಯುತ್ತದೆ. ಹಬ್ಬದ ದಿನಕ್ಕೆ ಕಟ್ಟಿದ ಮನೆಯ ಬಾಡಿಗೆಯನ್ನು ವರ್ಷವಿಡೀ ಕೊಡಬೇಕಾಗುತ್ತದೆ.

ಲೆಡ್ಜರಿನ ಕಾಲದಲ್ಲಿಯೂ ಸಾಮರ್ಥ್ಯದ ಮಿತಿಯಿತ್ತು. ಎಷ್ಟು ದಿನ ಮುಂಚಿತವಾಗಿ ಜಾಗ ಕಾದಿರಿಸಬಹುದು ಎಂಬುದನ್ನು ನಿರ್ಧರಿಸಿದರೆ ಎಷ್ಟು ಲೆಡ್ಜರುಗಳು ಏಕಕಾಲಕ್ಕೆ ತೆರೆದಿರಬೇಕು, ಎಷ್ಟು ಕಪಾಟು ಬೇಕು, ಎಷ್ಟು ಗುಮಾಸ್ತರು ಬೇಕು ಎಂಬುದೂ ನಿರ್ಧಾರವಾಗುತ್ತದೆ. ರೈಲುಗಳ ಸಂಖ್ಯೆಯನ್ನು ದಿನಗಳ ಸಂಖ್ಯೆಯಿಂದ ಗುಣಿಸಿದರೆ ಪುಸ್ತಕಗಳ ಸಂಖ್ಯೆ ಬರುತ್ತದೆ. ಈ ಗುಣಾಕಾರ ಗಣಕ ಬಂದ ಮೇಲೂ ಬಿಡಲಿಲ್ಲ.

ಮದರಾಸಿನ ಸೆಂಟ್ರಲ್ ನಿಲ್ದಾಣದ ಪಕ್ಕದಲ್ಲಿ ಮೂರ್ ಮಾರ್ಕೆಟ್ ಇತ್ತು. ನಗರಸಭೆಯ ಅಧ್ಯಕ್ಷರಾಗಿದ್ದ ಸರ್ ಜಾರ್ಜ್ ಮೂರ್ ಅವರು 1898ರಲ್ಲಿ ಅಡಿಗಲ್ಲಿಟ್ಟ ಕೆಂಪು ಕಟ್ಟಡ ಅದು, 1900ರಲ್ಲಿ ತೆರೆಯಿತು. ಹಳೆಯ ಪುಸ್ತಕಗಳನ್ನು ಹುಡುಕುವವರಿಗೆ ದಕ್ಷಿಣ ಭಾರತದಲ್ಲಿ ಅಂಥ ಇನ್ನೊಂದು ಜಾಗ ಇರಲಿಲ್ಲವೆಂದು ಹಿರಿಯರು ಹೇಳುತ್ತಾರೆ. 1985ರ ಮೇ 30ರಂದು ಅದು ಬೆಂಕಿಗೆ ಆಹುತಿಯಾಯಿತು. ಆ ನೆಲದ ಮೇಲೆ ಎದ್ದ ರೈಲ್ವೆಯ ಕಟ್ಟಡದ ಹೆಸರು ಮೂರ್ ಮಾರ್ಕೆಟ್ ಕಾಂಪ್ಲೆಕ್ಸ್. ಕೆಳಗೆ ಉಪನಗರದ ರೈಲುಗಳು, ಮೇಲೆ ಮುಂಗಡ ಕಾದಿರಿಸುವಿಕೆಯ ಕೇಂದ್ರ. ಹಳೆಯ ಮಾರ್ಕೆಟ್ಟಿನ ಒಂದು ಪುಟ್ಟ ಮಾದರಿಯನ್ನು ಅಂಗಳದಲ್ಲಿ ನಿಲ್ಲಿಸಿದ್ದಾರೆ. ವಾಹನಗಳ ನಡುವೆ ಅದು ಕಣ್ಣಿಗೆ ಬೀಳುವುದೇ ಅಪರೂಪ.

ಮೂರ್ ಮಾರ್ಕೆಟ್ ಉರಿದ ವರ್ಷದ ನವೆಂಬರಿನಲ್ಲಿಯೇ ದೆಹಲಿಯಲ್ಲಿ ಗಣಕದ ಮೂಲಕ ರೈಲಿನ ಜಾಗ ಕಾದಿರಿಸುವ ಪ್ರಯೋಗ ಆರಂಭವಾಯಿತು. ಐಬಿಎಂ ಭಾರತವನ್ನು ಬಿಟ್ಟುಹೋದ ಮೇಲೆ ಅದರ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಹೊತ್ತಿದ್ದ ಸರ್ಕಾರಿ ಸಂಸ್ಥೆ ಸಿಎಂಸಿ ಈ ತಂತ್ರಾಂಶವನ್ನು ರೂಪಿಸಿತು. ಅದರ ಹೆಸರು ಇಂಪ್ರೆಸ್. ಯಂತ್ರ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ವ್ಯಾಕ್ಸ್. 1986ರಲ್ಲಿ ರೈಲ್ವೆಯ ಗಣಕ ಕೆಲಸಗಳಿಗೆಂದೇ ಕ್ರಿಸ್ ಎಂಬ ಕೇಂದ್ರ ಸ್ಥಾಪನೆಯಾಯಿತು. 1987ರ ವೇಳೆಗೆ ಮುಂಬಯಿ, ಕಲ್ಕತ್ತ, ಮದರಾಸುಗಳಿಗೂ ಗಣಕ ಬಂದಿತು, ಆಮೇಲೆ ಸಿಕಂದರಾಬಾದಿಗೆ. ಯಾವ ಕಿಂಡಿಯಲ್ಲಿ ನಿಂತರೂ ಯಾವ ರೈಲಿನ ಟಿಕೆಟಾದರೂ ಸಿಗುತ್ತದೆ ಎಂಬ ಮಾತು ಅಂದಿನವರಿಗೆ ಪವಾಡದಂತೆ ಕೇಳಿಸಿತು.

ಜಗತ್ತಿನಲ್ಲಿ ಇದು ಮೊದಲನೆಯದಲ್ಲ. ಜಪಾನಿನ ರಾಷ್ಟ್ರೀಯ ರೈಲ್ವೆ 1960ರಲ್ಲಿಯೇ ಮಾರ್ಸ್-1 ಎಂಬ ಯಂತ್ರವನ್ನು ಚಾಲನೆಗೆ ತಂದಿತ್ತು. ಅದು ನೋಡಿಕೊಳ್ಳುತ್ತಿದ್ದುದು ನಾಲ್ಕು ರೈಲುಗಳನ್ನು ಮಾತ್ರ, ಅದೂ ಹದಿನೈದು ದಿನಗಳ ಮಟ್ಟಿಗೆ. ಅಮೆರಿಕನ್ ಏರ್‌ಲೈನ್ಸ್ ಐಬಿಎಂ ಜೊತೆ ಸೇರಿ ಕಟ್ಟಿದ ಸೇಬರ್ ವ್ಯವಸ್ಥೆ ಪೂರ್ಣವಾದುದು 1964ರಲ್ಲಿ. ಮಾರ್ಸ್-1ರ ಮಿತಿಯನ್ನು ನಾವು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಆ ಇಂಜಿನಿಯರುಗಳು ಮೊದಲು ರೈಲುಗಳನ್ನೂ ದಿನಗಳನ್ನೂ ಎಣಿಸಿಕೊಂಡು ಅದಕ್ಕೆ ಹೊಂದುವ ಕಾಂತ ಡ್ರಮ್ಮನ್ನು ಆರಿಸಿಕೊಂಡರು. ಬೇಡಿಕೆಯನ್ನೇ ಯಂತ್ರದ ಅಳತೆಗೆ ಕತ್ತರಿಸಿದರೆಂದೂ ಹೇಳಬಹುದು.

ಈಗ ಆ ಗುಣಾಕಾರವನ್ನು ಒಮ್ಮೆ ಮಾಡಿ ನೋಡೋಣ. ಒಂದು ರೈಲಿನಲ್ಲಿ ಸಾವಿರ ಬರ್ತುಗಳಿವೆಯೆಂದು ಇಟ್ಟುಕೊಳ್ಳೋಣ. ಅದು ಇಪ್ಪತ್ತು ನಿಲ್ದಾಣಗಳಲ್ಲಿ ನಿಲ್ಲುತ್ತದೆ. ಚೆನ್ನೈಯಿಂದ ಕೋಳಿಕ್ಕೋಡಿನವರೆಗೆ ಒಬ್ಬರಿಗೆ ಕೊಟ್ಟ ಹಲಗೆಯನ್ನು ಅಲ್ಲಿಂದ ಮಂಗಳೂರಿನವರೆಗೆ ಇನ್ನೊಬ್ಬರಿಗೆ ಕೊಡಬಹುದಾದ್ದರಿಂದ ಪ್ರತಿ ಬರ್ತಿಗೂ ಹತ್ತೊಂಬತ್ತು ತುಂಡುಗಳ ಲೆಕ್ಕ ಬೇಕು. ಅರುವತ್ತು ದಿನಗಳ ಮುಂಗಡಕ್ಕೆ ಇದು 11,40,000 ತುಂಡುಗಳಾಗುತ್ತದೆ. ನೂರಿಪ್ಪತ್ತು ದಿನಗಳಿಗೆ ಅದರ ಇಮ್ಮಡಿ, 22,80,000. ಇದು ಒಂದೇ ರೈಲಿನ ಲೆಕ್ಕ. ಇದರ ಮೇಲೆ ಪ್ರಯಾಣಿಕರ ಹೆಸರು, ವಯಸ್ಸು, ಲಿಂಗ, ಕೋಟಾ, ರದ್ದತಿಯ ನಿರೀಕ್ಷೆಯಲ್ಲಿ ಕುಳಿತುಕೊಳ್ಳಲು ಮಾತ್ರ ಜಾಗ ಪಡೆಯುವ ಆರ್‌ಎಸಿ, ಅದೂ ಇಲ್ಲದವರ ವೇಟಿಂಗ್ ಲಿಸ್ಟ್. ವೇಟಿಂಗ್ ಲಿಸ್ಟಿನ ದತ್ತಾಂಶ ವಿಚಿತ್ರವಾದುದು. ರೈಲಿನಲ್ಲಿ ಇಲ್ಲದ ಜಾಗವನ್ನು ಗಣಕದಲ್ಲಿ ಕೊಡುವುದು ಅದರ ಕೆಲಸ.

ಜೋಪಾನದಿಂದ ಖರ್ಚು ಮಾಡಿದ ಆ ಕಾಲದ ಗುರುತು ನಮ್ಮ ಹೆಸರುಗಳ ಮೇಲೆಯೇ ಉಳಿದಿದೆ. ಪ್ರಯಾಣಿಕರ ಹೆಸರಿಗೆ ದೀರ್ಘಕಾಲ ಹದಿನೈದು ಹದಿನಾರು ಇಂಗ್ಲಿಷ್ ಅಕ್ಷರಗಳಷ್ಟೇ ಜಾಗವಿತ್ತು. ವೆಂಕಟಸುಬ್ಬಯ್ಯ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ ಹದಿನೈದು ಅಕ್ಷರ, ತಂದೆಯ ಹೆಸರಿನ ಮೊದಲಕ್ಷರಕ್ಕೂ ಎಡೆಯಿಲ್ಲ. ಲಕ್ಷ್ಮೀನಾರಾಯಣಪ್ಪನವರದು ಹದಿನೆಂಟು, ಹೀಗಾಗಿ ಅವರು ಗೌರವದ ‘ಪ್ಪ’ವನ್ನು ಕಳೆದುಕೊಂಡು ಲಕ್ಷ್ಮೀನಾರಾಯಣ ಆಗಿಯೇ ರೈಲು ಹತ್ತಬೇಕು. ಬೋಗಿಯ ಬಾಗಿಲಿನ ಬಳಿ ಅಂಟಿಸುತ್ತಿದ್ದ ಚಾರ್ಟಿನಲ್ಲಿ ಬೆರಳಿಟ್ಟು ಹೆಸರು ಹುಡುಕಿದವರಿಗೆ ಈ ಮೊಟಕಾದ ಹೆಸರುಗಳು ನೆನಪಿರುತ್ತವೆ. ಒಂದು ಅಕ್ಷರವನ್ನು ಉಳಿಸಿದರೆ ಅದು ಕೋಟಿ ಪ್ರಯಾಣಿಕರಲ್ಲಿ ಕೋಟಿ ಅಕ್ಷರವಾಗುತ್ತದೆಂಬುದು ಡಿಸ್ಕು ದುಬಾರಿಯಾಗಿದ್ದಾಗ ನ್ಯಾಯವಾದ ವಾದವೇ. ಡಿಸ್ಕು ಅಗ್ಗವಾದ ಮೇಲೂ ಹಳೆಯ ಅಳತೆ ಬದಲಾಗಲಿಲ್ಲ, ಏಕೆಂದರೆ ಆ ಅಳತೆಯನ್ನು ನಂಬಿ ಕುಳಿತ ಚಾರ್ಟು, ಟಿಕೆಟು, ತಂತ್ರಾಂಶಗಳು ಅಷ್ಟರಲ್ಲಿ ನೂರಾರು ಆಗಿದ್ದವು.

ಐದು ಊರುಗಳಲ್ಲಿ ಐದು ಗಣಕಗಳು ಮೊದಲು ಒಂದನ್ನೊಂದು ಅರಿಯದೆ ಇದ್ದವು. ಅವನ್ನು ಹೆಣೆಯಲು ಕ್ರಿಸ್ ರೂಪಿಸಿದ ಕಾನ್ಸರ್ಟ್ ಎಂಬ ತಂತ್ರಾಂಶ 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲು ಚಾಲನೆಗೆ ಬಂದಿತು, ದೇಶವ್ಯಾಪಿ ಜಾಲ ಪೂರ್ಣಗೊಂಡದ್ದು 1999ರ ಏಪ್ರಿಲಿನಲ್ಲಿ. ಅದರ ರಚನೆಯಲ್ಲಿ ಒಂದು ಮುಖ್ಯ ನಿರ್ಧಾರವಿದೆ. ಒಂದು ರೈಲಿನ ಬರ್ತುಗಳ ನಿಜವಾದ ಲೆಕ್ಕ ಐದರಲ್ಲಿ ಒಂದೇ ಊರಿನಲ್ಲಿರುತ್ತದೆ. ದೆಹಲಿಯ ಕಿಂಡಿಯಲ್ಲಿ ಕುಳಿತವರು ಬೆಂಗಳೂರು ಮೈಸೂರುಗಳ ನಡುವಿನ ಟಿಕೆಟನ್ನು ಕೇಳಿದರೆ ಆ ಕೇಳಿಕೆ ಚೆನ್ನೈಗೆ ಬಂದು ಉತ್ತರ ಪಡೆದು ಹೋಗುತ್ತದೆ. ದೆಹಲಿ ತನ್ನಲ್ಲಿ ಅದರ ಪ್ರತಿಯನ್ನಿಟ್ಟುಕೊಂಡು ಮಾರುವಂತಿಲ್ಲ. ಮಾರಿದರೆ ಎಸ್-4ರ 23ನೆಯ ಬರ್ತ್ ಇಬ್ಬರ ಪಾಲಾಗುತ್ತದೆ, ಜಗಳ ರಾತ್ರಿ ಹನ್ನೊಂದಕ್ಕೆ ಬೋಗಿಯೊಳಗೆ ನಡೆಯುತ್ತದೆ.

ಈ ನಿರ್ಧಾರದಿಂದ ಹೊರೆ ಐದು ಪಾಲಾಯಿತು, ಆದರೆ ಅದು ರೈಲುಗಳ ಮಟ್ಟಕ್ಕೆ ಮಾತ್ರ. ದತ್ತಾಂಶ ಹೆಚ್ಚಿತೆಂದರೆ ಡಿಸ್ಕು ಕೊಂಡರಾಯಿತು, ಇನ್ನೊಂದು ಯಂತ್ರ ಜೋಡಿಸಿದರಾಯಿತು ಎಂದು ಹೊರಗಿನವರಿಗೆ ತೋರುತ್ತದೆ. ಶೇಖರಣೆಯ ಮಟ್ಟಿಗೆ ಅದು ಸರಿಯೇ. ಮುಗಿದ ಪ್ರಯಾಣಗಳನ್ನು ಗಣಕ ಬಳಕೆಯ ಮನೆಯಿಂದ ಹಿತ್ತಿಲಿಗೆ ಸಾಗಿಸಬಹುದು. ಹಳೆಯ ಪಿಎನ್‌ಆರ್ ಹಾಕಿ ಕೇಳಿದರೆ ‘ಫ್ಲಶ್ಡ್’ ಎಂಬ ಉತ್ತರ ಬರುವುದು ಈ ಕಾರಣದಿಂದ. ಆದರೆ ದೀಪಾವಳಿಯ ಹಿಂದಿನ ರಾತ್ರಿ ಊರಿಗೆ ಹೊರಡುವ ಒಂದು ರೈಲಿನ ಅದೇ ಸಾವಿರ ಬರ್ತುಗಳಿಗೆ ಹತ್ತು ಸಾವಿರ ಜನ ಒಂದೇ ನಿಮಿಷದಲ್ಲಿ ಕೈ ಚಾಚಿದಾಗ, ಎಷ್ಟು ಯಂತ್ರಗಳಿದ್ದರೇನು, ಆ ಬರ್ತುಗಳ ಲೆಕ್ಕಕ್ಕೆ ಒಬ್ಬೊಬ್ಬರಾಗಿಯೇ ಬರಬೇಕು. ಲೆಡ್ಜರಿನ ಕಾಲದ ಒಂದು ಪುಸ್ತಕ, ಒಂದು ಲೇಖನಿ ಎಂಬ ನಿಯಮ ಸರ್ವರಿನೊಳಗೆ ಬೀಗದ ರೂಪದಲ್ಲಿ ಮುಂದುವರಿದಿದೆ. ಒಬ್ಬರ ಹೆಸರು ಬರೆದು ಮುಗಿಯುವವರೆಗೆ ಆ ಸಾಲಿಗೆ ಬೀಗ, ಉಳಿದವರು ಹೊರಗೆ. ಈ ಬೀಗ ಸೆಕೆಂಡಿನ ಸಣ್ಣ ಅಂಶದಷ್ಟೇ ಹೊತ್ತು ಬಿದ್ದಿದ್ದರೂ, ಹತ್ತು ಸಾವಿರ ಜನರ ಸಾಲಿನ ಬಾಲದಲ್ಲಿರುವವರಿಗೆ ಅದು ನಿಮಿಷವಾಗುತ್ತದೆ. ಅಷ್ಟರಲ್ಲಿ ಬರ್ತು ಮುಗಿದಿರುತ್ತದೆ.

1999ರವರೆಗೂ, ಅದರ ನಂತರದ ಕೆಲವು ವರ್ಷಗಳಲ್ಲಿಯೂ, ಅಂದಾಜು ಮಾಡುವವರಿಗೆ ಒಂದು ಅನುಕೂಲವಿತ್ತು. ದೇಶದಲ್ಲಿ ಎಷ್ಟು ಕಿಂಡಿಗಳಿವೆ, ಒಬ್ಬ ಗುಮಾಸ್ತರು ಒಂದು ಟಿಕೆಟಿಗೆ ಎಷ್ಟು ನಿಮಿಷ ತೆಗೆದುಕೊಳ್ಳುತ್ತಾರೆ ಎಂಬುದು ಗೊತ್ತಿತ್ತು. ಸಾಲು ನಿಲ್ದಾಣದ ಹೊರಗಿನ ರಸ್ತೆಯವರೆಗೆ ಬೆಳೆದರೂ ಸರ್ವರಿಗೆ ತಲುಪುವುದು ಕಿಂಡಿಗಳ ಸಂಖ್ಯೆಯಷ್ಟೇ. ಜನರ ಕಾಲುನೋವು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಕಿಂಡಿಯೇ ಒಂದು ತೂಬು, ಕೆರೆಯಲ್ಲಿ ಎಷ್ಟು ನೀರಿದ್ದರೂ ತೂಬಿನಗಲಕ್ಕೆ ತಕ್ಕಷ್ಟೇ ಕಾಲುವೆಗೆ.

2002ರ ಆಗಸ್ಟ್ 3ರಂದು ಐಆರ್‌ಸಿಟಿಸಿ ಅಂತರಜಾಲದಲ್ಲಿ ಟಿಕೆಟು ಮಾರಲಾರಂಭಿಸಿತು. ಮೊದಮೊದಲು ಜಾಲದಲ್ಲಿ ಕೊಂಡ ಟಿಕೆಟು ಕಾಗದದ ರೂಪದಲ್ಲಿ ಕೊರಿಯರಿನಲ್ಲಿ ಮನೆಗೆ ಬರುತ್ತಿತ್ತು ಎಂದರೆ ಇಂದಿನವರು ನಗುತ್ತಾರೆ. ಮನೆಯಲ್ಲಿಯೇ ಮುದ್ರಿಸಿಕೊಳ್ಳುವ ಇ-ಟಿಕೆಟು ಬಂದದ್ದು 2005ರಲ್ಲಿ. ಅಲ್ಲಿಂದ ತೂಬು ಒಡೆದ ಹಾಗಾಯಿತು. ಕಾದಿರಿಸಿದ ಟಿಕೆಟುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಇಂದು ಅಂತರಜಾಲದ ಮೂಲಕವೇ ಮಾರಾಟವಾಗುತ್ತವೆ. ರಸ್ತೆಯವರೆಗೆ ಬೆಳೆದಿದ್ದ ಸಾಲು ಕಣ್ಣಿಗೆ ಕಾಣದಾಯಿತು. ಸೆಂಟ್ರಲಿನ ಕಾದಿರಿಸುವಿಕೆಯ ಸಭಾಂಗಣ ಖಾಲಿಯಾದುದನ್ನು ಕಂಡು ಸಮಸ್ಯೆ ತೀರಿತೆಂದುಕೊಂಡವರು ಉಂಟು. ತೀರಿರಲಿಲ್ಲ, ಅದು ಕಿಂಡಿಯ ಹೊರಗಿನಿಂದ ಸರ್ವರಿನ ಬಾಗಿಲಿಗೆ ಬಂದು ನಿಂತಿತ್ತು.

ಆಗ ರೈಲ್ವೆ ಮಾಡಿದ ಉಪಾಯಗಳಲ್ಲಿ ಒಂದು ಯಂತ್ರದ್ದು, ಇನ್ನೊಂದು ಗಡಿಯಾರದ್ದು. ಯಂತ್ರದ ಉಪಾಯಕ್ಕೆ ಕನ್ನಡಿಗರೊಬ್ಬರ ಹೆಸರು ತಳುಕು ಹಾಕಿಕೊಂಡಿದೆ. ಸುಳ್ಯದ ಕಡೆಯ ಡಿ.ವಿ. ಸದಾನಂದ ಗೌಡರು ರೈಲ್ವೆ ಸಚಿವರಾಗಿ 2014ರ ಜುಲೈಯ ಮುಂಗಡಪತ್ರದಲ್ಲಿ ಹೊಸ ಇ-ಟಿಕೆಟ್ ವ್ಯವಸ್ಥೆಯ ಮಾತನ್ನಾಡಿದರು. ನಿಮಿಷಕ್ಕೆ 2,000 ಇದ್ದ ಟಿಕೆಟುಗಳ ಸಂಖ್ಯೆ 7,200ಕ್ಕೆ ಏರುವುದೆಂದೂ, ಏಕಕಾಲಕ್ಕೆ 1,20,000 ಜನ ಒಳಗೆ ಬರಬಹುದೆಂದೂ ಹೇಳಿದರು. ಆಗಸ್ಟಿನಲ್ಲಿ ಅದಕ್ಕೆ ಚಾಲನೆ ಕೊಟ್ಟರು. ಮೂರೂವರೆ ಪಟ್ಟು ಹೆಚ್ಚಳ ಸಣ್ಣ ಸಾಧನೆಯಲ್ಲ. ಆದರೆ ಆ ಏರಿಕೆಯಿಂದ ಮಂಗಳೂರು ಮೈಲಿಗೆ ಒಂದು ಬೋಗಿಯೂ ಕೂಡಿಕೊಳ್ಳಲಿಲ್ಲ. ಮೊದಲು ಹದಿನೈದು ನಿಮಿಷದಲ್ಲಿ ಮುಗಿಯುತ್ತಿದ್ದ ಬರ್ತುಗಳು ಐದು ನಿಮಿಷದಲ್ಲಿ ಮುಗಿದರೆ ಅದಕ್ಕೆ ಸಾಮರ್ಥ್ಯ ಹೆಚ್ಚಿತೆನ್ನಬೇಕೇ ಎಂಬ ಪ್ರಶ್ನೆಯನ್ನು ಮುಂಗಡಪತ್ರಗಳು ಕೇಳುವುದಿಲ್ಲ.

ಗಡಿಯಾರದ ಉಪಾಯ ನಮಗೆ ಹೆಚ್ಚು ಕುತೂಹಲಕರವೆನಿಸುತ್ತದೆ. ಕೊನೆಯ ಗಳಿಗೆಯ ಪ್ರಯಾಣಿಕರಿಗೆಂದು 1997ರಲ್ಲಿ ಬಂದ ತತ್ಕಾಲ್ ಟಿಕೆಟು ಬೆಳಿಗ್ಗೆ ಎಂಟಕ್ಕೆ ತೆರೆಯುತ್ತಿತ್ತು. ಸಾಮಾನ್ಯ ಮುಂಗಡವೂ ಎಂಟಕ್ಕೇ ತೆರೆಯುತ್ತಿತ್ತು. ಎರಡು ಜಾತ್ರೆಗಳು ಒಂದೇ ಬಾಗಿಲಿಗೆ ಬಂದಂತೆ. 2012ರ ಜುಲೈಯಲ್ಲಿ ತತ್ಕಾಲನ್ನು ಹತ್ತು ಗಂಟೆಗೆ ಸರಿಸಿದರು. 2015ರ ಜೂನಿನಲ್ಲಿ ಅದನ್ನೂ ಒಡೆದು, ಹವಾನಿಯಂತ್ರಿತ ದರ್ಜೆಗಳಿಗೆ ಹತ್ತು, ಉಳಿದವಕ್ಕೆ ಹನ್ನೊಂದು ಎಂದು ಗೊತ್ತುಪಡಿಸಿದರು. ಹೊಸ ಸರ್ವರಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಶಿಖರವನ್ನು ಮೂರು ಗುಡ್ಡಗಳಾಗಿ ಒಡೆದ ಈ ಸುತ್ತೋಲೆಗಳು ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ಜಾಣ ಪುಟಗಳು. ಅದರ ಬೆಲೆಯನ್ನು ಮಾತ್ರ ಯಾರೋ ತೆತ್ತರು. ಹತ್ತು ಗಂಟೆಗೆ ಕೆಲಸದಲ್ಲಿರುವವರು, ಹನ್ನೊಂದಕ್ಕೆ ಊಟದ ಹೊತ್ತಿನ ತಯಾರಿಯಲ್ಲಿ ಒಲೆಯ ಮುಂದಿರುವ ಹೋಟೆಲಿನ ಕೈಗಳು, ಆ ಐದು ನಿಮಿಷ ಫೋನು ಹಿಡಿಯಲಾರದವರು.

ದಿನಗಳ ಲೆಕ್ಕವೂ ಹೀಗೆಯೇ ಹಿಗ್ಗುತ್ತ ಕುಗ್ಗುತ್ತ ಬಂದಿದೆ. ಮುಂಗಡದ ಅವಧಿ 2012ರ ಮಾರ್ಚಿನಲ್ಲಿ 120 ದಿನಕ್ಕೆ ಏರಿತು, 2013ರ ಮೇ 1ರಿಂದ 60ಕ್ಕೆ ಇಳಿಯಿತು, 2015ರ ಏಪ್ರಿಲ್ 1ರಿಂದ ಮತ್ತೆ 120 ಆಯಿತು, 2024ರ ನವೆಂಬರ್ 1ರಿಂದ ಮತ್ತೆ 60. ಕೊನೆಯ ಇಳಿಕೆಗೆ ರೈಲ್ವೆ ಕೊಟ್ಟ ಕಾರಣ ಗಮನಾರ್ಹ. ಅರುವತ್ತೊಂದರಿಂದ ನೂರಿಪ್ಪತ್ತನೆಯ ದಿನದ ನಡುವೆ ಕಾದಿರಿಸಿದ ಟಿಕೆಟುಗಳಲ್ಲಿ ಸುಮಾರು ಶೇಕಡಾ 21 ರದ್ದಾಗುತ್ತಿದ್ದವು, ಶೇಕಡಾ 4ರಿಂದ 5ರಷ್ಟು ಜನ ರದ್ದೂ ಮಾಡದೆ ಬಾರದೆಯೂ ಉಳಿಯುತ್ತಿದ್ದರು. ರದ್ದಾದ ಟಿಕೆಟು ಡೇಟಾಬೇಸಿನಲ್ಲಿ ಅಳಿಸಿ ಹೋಗುವುದಿಲ್ಲ. ಕೊಂಡದ್ದು ಒಂದು ಬರಹ, ರದ್ದು ಮಾಡಿದ್ದು ಇನ್ನೊಂದು, ಹಣ ಮರಳಿಸಿದ್ದು ಮತ್ತೊಂದು, ಆ ಜಾಗ ವೇಟಿಂಗ್ ಲಿಸ್ಟಿನವರಿಗೆ ಹೋದದ್ದು ಮಗದೊಂದು. ಹೋಗದ ಪ್ರಯಾಣವೇ ಹೋದ ಪ್ರಯಾಣಕ್ಕಿಂತ ಹೆಚ್ಚು ದತ್ತಾಂಶವನ್ನು ಹೆರುತ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿ ರೈಲುಗಳು ಸಾಲುಸಾಲಾಗಿ ರದ್ದಾದಾಗ ಬರ್ತುಗಳೆಲ್ಲ ಖಾಲಿಯಿದ್ದವು. ಲೆಕ್ಕದ ಕೆಲಸ ಮಾತ್ರ ಖಾಲಿಯಿರಲಿಲ್ಲ.

ಬರ್ತುಗಳನ್ನು ತಯಾರಿಸುವುದೂ ಇದೇ ಊರು ಎಂಬುದನ್ನು ಇಲ್ಲಿ ನೆನೆಯಬೇಕು. ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 1955ರಿಂದ ಬೋಗಿಗಳನ್ನು ಕಟ್ಟುತ್ತಿದೆ. ಅದರ ಹಳೆಯ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತುಗಳು, ಈಗಿನ ಎಲ್‌ಎಚ್‌ಬಿ ಮಾದರಿಯಲ್ಲಿ 80. ಒಂದು ಬೋಗಿಗೆ ಎಂಟು ಹಲಗೆ ಹೆಚ್ಚಿಸಲು ದಶಕಗಳು ಬೇಕಾದವು. ನಡುವೆ ಲಾಲೂ ಪ್ರಸಾದರ ಕಾಲದಲ್ಲಿ ಪಕ್ಕದ ಎರಡು ಬರ್ತುಗಳ ನಡುವೆ ಮೂರನೆಯದೊಂದನ್ನು ತುರುಕಿ, ಜನ ಬೆನ್ನು ನೇರ ಮಾಡಲಾರದೆ ಗೊಣಗಿ, ಅದನ್ನು ಕಿತ್ತುಹಾಕಿದ್ದೂ ಆಯಿತು. ಮೂರ್ ಮಾರ್ಕೆಟ್ಟಿನ ನೆಲದ ಮೇಲಿನ ಯಂತ್ರಗಳ ವೇಗ ಅದೇ ಅವಧಿಯಲ್ಲಿ ಎಷ್ಟು ಪಟ್ಟು ಹೆಚ್ಚಿತೆಂದು ಹೋಲಿಸುವುದೇ ಹಾಸ್ಯಾಸ್ಪದ.

2025ರ ಜೂನ್ ಕೊನೆಯಲ್ಲಿ ರೈಲ್ವೆ ಸಚಿವಾಲಯ ಮತ್ತೊಂದು ದೊಡ್ಡ ಬದಲಾವಣೆಯನ್ನು ಪ್ರಕಟಿಸಿತು. ನಿಮಿಷಕ್ಕೆ 32,000 ಟಿಕೆಟುಗಳ ಸಾಮರ್ಥ್ಯ ಒಂದೂವರೆ ಲಕ್ಷಕ್ಕೆ, ವಿಚಾರಣೆಗಳ ಸಾಮರ್ಥ್ಯ 4 ಲಕ್ಷದಿಂದ 40 ಲಕ್ಷಕ್ಕೆ ಏರುವುದೆಂದು ಅದರಲ್ಲಿತ್ತು. ಟಿಕೆಟಿಗೆ ಸುಮಾರು ಐದು ಪಟ್ಟು, ವಿಚಾರಣೆಗೆ ಹತ್ತು ಪಟ್ಟು ಏಕೆಂಬುದು ನಾವು ಮೇಲೆ ಹೇಳಿದ ಬೀಗದ ಮಾತಿನಿಂದ ತಿಳಿಯುತ್ತದೆ. ಜಾಗ ಇದೆಯೇ ಎಂದು ಕೇಳುವವರಿಗೆ ಲೆಕ್ಕದ ಪ್ರತಿಯನ್ನು ತೋರಿಸಿ ಕಳುಹಿಸಬಹುದು, ಜಾಗ ಕೊಡಬೇಕಾದರೆ ಮೂಲ ಪುಸ್ತಕವನ್ನೇ ತೆರೆಯಬೇಕು. ಕೆಲವೇ ವಾರಗಳ ನಂತರ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಈಗಿನ ಸಾಮರ್ಥ್ಯ 25,000 ಎಂದೂ ಮುಂದಿನದು ಒಂದು ಲಕ್ಷಕ್ಕೂ ಮೇಲೆ ಎಂದೂ ಇತ್ತು. ಅದೇ ವರ್ಷದ ಮೇ 22ರಂದು ಒಂದೇ ನಿಮಿಷದಲ್ಲಿ 31,814 ಟಿಕೆಟುಗಳು ಮಾರಾಟವಾಗಿದ್ದವೆಂದು ರೈಲ್ವೆಯೇ ಹೇಳಿದೆ. ಇವುಗಳಲ್ಲಿ ಯಾವುದೋ ಒಂದು ಸುಳ್ಳೆಂದು ನಾವು ಹೇಳುತ್ತಿಲ್ಲ. ಸಾಮರ್ಥ್ಯವೆಂಬುದು ಒಂದು ಅಂಕಿಯಲ್ಲ, ಯಾವ ದಿನ, ಯಾವ ರೈಲುಗಳಿಗೆ, ಎಷ್ಟು ಹೊತ್ತು ಎಂಬುದರ ಮೇಲೆ ಅದು ಬದಲಾಗುತ್ತದೆ.

ಆ ಉತ್ತರದಲ್ಲಿಯೇ ಇನ್ನೊಂದು ಸಂಗತಿಯಿತ್ತು. ಈಗ ನಡೆಯುತ್ತಿರುವ ವ್ಯವಸ್ಥೆ 2010ರದು, ಇಟೇನಿಯಂ ಯಂತ್ರಗಳ ಮೇಲೆ ಓಪನ್‌ವಿಎಂಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ನಡೆಯುತ್ತಿದೆ. ವಿಎಂಎಸ್ ಹುಟ್ಟಿದ್ದು ವ್ಯಾಕ್ಸಿಗಾಗಿ, ಎಪ್ಪತ್ತರ ದಶಕದ ಕೊನೆಯಲ್ಲಿ. ವ್ಯಾಕ್ಸ್ ಹೋಗಿ ಆಲ್ಫಾ ಬಂದಿತು, ಆಲ್ಫಾ ಹೋಗಿ ಇಟೇನಿಯಂ ಬಂದಿತು, ಡಿಜಿಟಲ್ ಕಂಪನಿಯನ್ನು ಕಾಂಪ್ಯಾಕ್ ನುಂಗಿತು, ಕಾಂಪ್ಯಾಕನ್ನು ಎಚ್‌ಪಿ ನುಂಗಿತು. ಇಟೇನಿಯಂ ಚಿಪ್ಪನ್ನು ಕಳುಹಿಸುವುದನ್ನು ಇಂಟೆಲ್ 2021ರಲ್ಲಿ ನಿಲ್ಲಿಸಿತು. ನಲವತ್ತು ವರ್ಷಗಳ ಹಿಂದೆ ದೆಹಲಿಯಲ್ಲಿ ಇಟ್ಟ ಮೊದಲ ಹೆಜ್ಜೆಯ ವಂಶ ಇನ್ನೂ ಮುಂದುವರಿದಿತ್ತು ಎಂಬುದಕ್ಕೆ ಬೆರಗಾಗಬೇಕೋ ಆತಂಕಪಡಬೇಕೋ ತಿಳಿಯದು. ಡಿಸ್ಕು ತುಂಬುವ ದಿನವನ್ನು ಲೆಕ್ಕ ಹಾಕುವುದು ಸುಲಭ. ಯಂತ್ರವನ್ನು ಮಾಡಿದವರೇ ಅದನ್ನು ಕೈಬಿಡುವ ದಿನವನ್ನು ಯಾವ ಗುಣಾಕಾರವೂ ಹೇಳುವುದಿಲ್ಲ.

ಯಂತ್ರದ ಜೊತೆಗೆ ನಿಯಮಗಳೂ ಬಂದವು. 2025ರ ಜುಲೈ 1ರಿಂದ ಜಾಲದಲ್ಲಿ ತತ್ಕಾಲ್ ಕೊಳ್ಳಲು ಆಧಾರ್ ದೃಢೀಕರಣ ಬೇಕು. ತತ್ಕಾಲ್ ತೆರೆದ ಮೊದಲ ಐದು ನಿಮಿಷಗಳಲ್ಲಿ ಒಳಬರಲು ಯತ್ನಿಸುವವರಲ್ಲಿ ಅರ್ಧದಷ್ಟು ಮನುಷ್ಯರೇ ಅಲ್ಲ, ತಾನಾಗಿ ಓಡುವ ತಂತ್ರಾಂಶಗಳು ಎಂದು ರೈಲ್ವೆ ಹೇಳಿತ್ತು. ಎಷ್ಟೋ ವರ್ಷ ದುಡ್ಡು ಸುರಿದು ಹೆಚ್ಚಿಸಿದ ಸಾಮರ್ಥ್ಯದ ಅರ್ಧ ದಲ್ಲಾಳಿಗಳ ಯಂತ್ರಗಳ ಸೇವೆಗೆ ಸಂದಿತ್ತೆಂದು ಇದರ ಅರ್ಥ. ಕೆರೆಯ ಏರಿಯನ್ನು ಎತ್ತರಿಸುವ ಮೊದಲು ನೀರು ಯಾರ ಗದ್ದೆಗೆ ಹೋಗುತ್ತಿದೆಯೆಂದು ನೋಡುವ ರೂಢಿ ನಮ್ಮ ಹಳ್ಳಿಗಳಲ್ಲಿ ನೀರುಗಂಟಿಗಳಿಗೆ ಇತ್ತು.

ರಾತ್ರಿ ಹನ್ನೊಂದೂ ಮುಕ್ಕಾಲರಿಂದ ಹನ್ನೆರಡು ಇಪ್ಪತ್ತರವರೆಗೆ ಜಾಲದಲ್ಲಿ ಟಿಕೆಟು ಸಿಗುವುದಿಲ್ಲ, ನಿರ್ವಹಣೆಯ ಹೊತ್ತು ಅದು. ದಿನಕ್ಕೊಮ್ಮೆ ಅಂಗಡಿಯ ಬಾಗಿಲೆಳೆದು ಲೆಕ್ಕ ಸರಿಮಾಡಿಕೊಳ್ಳುವ ಈ ಮೂವತ್ತೈದು ನಿಮಿಷ ಹಳೆಯ ಕಾಲದ ಗುಮಾಸ್ತರಿಗೆ ಅರ್ಥವಾಗುವಂಥದು. ಮಂಗಳೂರು ಮೈಲ್ ಆ ಹೊತ್ತಿಗೆ ಚೆನ್ನೈಯಿಂದ ಹೊರಟು ಹಳಿಯ ಮೇಲಿರುತ್ತದೆ. ಅದರಲ್ಲಿ ಮಲಗಿರುವವರ ಹೆಸರುಗಳ ಕೆಲಸ ಮುಗಿಯುತ್ತ ಬಂದಿರುತ್ತದೆ, ಕೆಲವು ದಿನಗಳಲ್ಲಿ ಅವೂ ಹಿತ್ತಿಲಿಗೆ. ಬೆಳಿಗ್ಗೆ ಎಂಟಕ್ಕೆ ಅರುವತ್ತು ದಿನಗಳಾಚೆಯ ಹೊಸ ಪುಟವೊಂದು ತೆರೆಯುತ್ತದೆ.